ಸ್ಕೂಲ್ ವ್ಯಾನಿನ ಸೈಲೆನ್ಸರ್

ಗಿರಾಕಿಯೇ ಹೊರಗಿನಿಂದ ಸಾಮಾನು ಕೊಂಡು ತಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎರಡು ಸಾವಿರದ ನಾಲ್ಕರ ಜೂನಿನಲ್ಲಿ ಹೇಮಶ್ರೀ ಹಾಗೆಯೇ ಮಾಡಿದಳು. ಕಂಪನಿಯದಲ್ಲದ ಅಗ್ಗದ ಸೈಲೆನ್ಸರ್ ಒಂದನ್ನು ತನ್ನ ಮಾರುತಿ ವ್ಯಾನಿನಲ್ಲಿ ಹೇರಿಕೊಂಡು ಶಿವಾಜಿನಗರದ ನನ್ನ ಶೆಡ್ಡಿಗೆ ಬಂದಳು. ಕಗ್ಗದಾಸಪುರದ ಎಂಟು ಮಕ್ಕಳನ್ನು ಸ್ಕೂಲಿಗೆ ಬಿಡುವ ವ್ಯಾನು ಅದು. ಹಳೆಯ ಸೈಲೆನ್ಸರ್ ತುಕ್ಕು ಹಿಡಿದು, ಹೊಗೆ ಒಳಗೆ ನುಗ್ಗಿ, ಮಕ್ಕಳು ದಾರಿಯಲ್ಲೇ ವಾಂತಿ ಮಾಡುತ್ತಿದ್ದರು.

“ಸನಾವುಲ್ಲಾ ಭಾಯ್, ಇದನ್ನ ಹಾಕ್ಕೊಡಿ. ನಾಳೆ ಬೆಳಿಗ್ಗೆ ಗಾಡಿ ಬೇಕೇ ಬೇಕು.”

ಕೂತಿತೇ ಆ ದರಿದ್ರದ್ದು! ಬೋಲ್ಟಿನ ತೂತುಗಳು ಒಂದಕ್ಕೊಂದು ಸೇರಲಿಲ್ಲ. ಪೈಪಿನ ಬಾಗು ಹೋಗಿ ಹಿಂದಿನ ಆಕ್ಸಲ್‌ಗೆ ಬಡಿಯಿತು. ಬಿಚ್ಚಿ, ಎರಡು ಕಡೆ ಕತ್ತರಿಸಿ, ಬೆಸೆದು, ಮತ್ತೆ ಏರಿಸುವಷ್ಟರಲ್ಲಿ ಸಂಜೆ ನಾಲ್ಕಾಯಿತು, ನನ್ನ ಸೊಂಟ ಬಿದ್ದುಹೋಯಿತು.

ನಮ್ಮ ಗಲ್ಲಿಯಲ್ಲಿ ಪರೀಕ್ಷೆ ಒಂದೇ. ಪೈಪಿನ ಬಾಯಿಗೆ ಒದ್ದೆ ಬಟ್ಟೆ ತುರುಕಿ, ಇಂಜಿನ್ ಶುರು ಮಾಡಿ, ಕೆಳಗೆ ಮಲಗಿ ಆಲಿಸಬೇಕು. ಬೆಸುಗೆ ಬಿಟ್ಟಿದ್ದರೆ ತುಸ್ ಎನ್ನುತ್ತದೆ. ಮೂವತ್ತು ವರ್ಷ ಈ ಗದ್ದಲದಲ್ಲೇ ಬದುಕಿದ ನನಗೆ ಮಾತು ಕೇಳಿಸುತ್ತಿತ್ತು, ಆ ಸಣ್ಣ ತುಸ್ ಮಾತ್ರ ಎರಡು ವರ್ಷದಿಂದ ಕೇಳಿಸುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಬೆಸುಗೆಯ ಹತ್ತಿರ ಅಂಗೈ ಹಿಡಿದು, ಗಾಳಿ ತಾಕುತ್ತದೆಯೇ ಎಂದು ನೋಡಿಕೊಂಡು ಕಾಲ ತಳ್ಳುತ್ತಿದ್ದೆ. ಈ ಹಾಳು ಪೈಪಿನ ಬೆಸುಗೆ ಗಾಡಿಯ ತಳದ ಅಡ್ಡಪಟ್ಟಿಯ ಹಿಂದೆ ಸೇರಿಕೊಂಡಿತ್ತು. ಅಲ್ಲಿಗೆ ಕೈ ಹೋಗಲಿಲ್ಲ.

“ಎಲ್ಲಾ ಸರಿಯಾಗಿದೆ, ತಗೊಂಡ್ಹೋಗಿ,” ಎಂದುಬಿಟ್ಟೆ.

ಹೇಮಶ್ರೀ ವ್ಯಾನು ಹತ್ತಿ ಕೂತು, ಸೀಟಿನ ಕೆಳಗಿಂದ ಪ್ಲಾಸ್ಟಿಕ್ ಕವರುಗಳ ಕಟ್ಟೊಂದನ್ನು ಎಳೆದು ನನ್ನ ಕಸದ ಡಬ್ಬಕ್ಕೆ ಎಸೆದಳು. ಮಕ್ಕಳ ವಾಂತಿಗೆಂದು ಇಟ್ಟುಕೊಂಡಿದ್ದ ಕವರುಗಳು.

“ಇನ್ಮೇಲೆ ಇದು ಬೇಡ, ಅಲ್ವಾ ಭಾಯ್?” ಎಂದು ನಕ್ಕಳು.

ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

“ಇಳೀರಮ್ಮ,” ಎಂದೆ. “ನಂಗೆ ಸಣ್ಣ ಸದ್ದು ಕೇಳ್ಸಲ್ಲ. ನೀವೇ ಬಗ್ಗಿ ಕೇಳಿ.”

ಅವಳು ವ್ಯಾನಿನಿಂದ ಇಳಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಗೋಣಿಚೀಲದ ಮೇಲೆ ಮಲಗಿ, ವ್ಯಾನಿನ ಕೆಳಗೆ ತಲೆ ತೂರಿಸಿದಳು. ನಾನು ಪೈಪಿಗೆ ಬಟ್ಟೆ ತುರುಕಿ ಇಂಜಿನ್ ಶುರು ಮಾಡಿದೆ.

“ಅಯ್ಯೋ, ತುಸ್ ಅಂತಿದೆ ಭಾಯ್!”

ಮತ್ತೆ ಬಿಚ್ಚಿದೆ, ಬೆಸೆದೆ, ಏರಿಸಿದೆ. ಅವಳು ಮತ್ತೆ ಮಲಗಿ ಬಹಳ ಹೊತ್ತು ಆಲಿಸಿ, “ಈಗ ಏನೂ ಇಲ್ಲ” ಎಂದಳು.

ಎದುರು ಶೆಡ್ಡಿನ ಅಹ್ಮದ್ ಪಾಷಾ ಗ್ರೈಂಡರ್ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ. ನಾನು ನಿಂತಿದ್ದೇನೆ, ಗಿರಾಕಿ ಮಲಗಿ ಕೇಳುತ್ತಿದ್ದಾಳೆ ಎಂದರೆ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾಳೆ ಇಡೀ ಗಲ್ಲಿಗೆ ಗೊತ್ತಾಗುತ್ತದೆ. ಕಿವುಡ ಮೇಸ್ತ್ರಿಯ ಹತ್ತಿರ ಯಾರು ಗಾಡಿ ತರುತ್ತಾರೆ?

ಗೊತ್ತಾಗಲಿ ಬಿಡಿ. ಬಚ್ಚಿಟ್ಟು ಬಚ್ಚಿಟ್ಟು ನನಗೂ ಸಾಕಾಗಿತ್ತು.