ಕೆಂಪಾಗದ ನೀರು

ಸೊಲ್ಲಾಪುರದ ವ್ಯಾಪಾರಿ ಯೋಗಿರಾಜನ ಅಂಗಡಿ ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಎದುರಿಗಿದೆ. ಕುರುಬರ ದೇವರಾದ ಬೀರೋಬಾನಿಗೆ, ಮೈಲಾರನಿಗೆ ಎರಚುವ ಅರಿಶಿನದ ಪುಡಿ, ಅಂದರೆ ಭಂಡಾರವನ್ನು ಅವನು ಪೊಟ್ಟಣ ಕಟ್ಟಿ ಮಾರುತ್ತಾನೆ. ಅರಿಶಿನದ ಸತ್ವ ಕೀಲುವಾತದ ಬಾವು ಇಳಿಸೀತೇ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಿರುವ ಸುದ್ದಿ ಅವನ ಮೊಬೈಲಿಗೆ ಬಂತು. ಇಳಿಸೀತೇ ಎಂಬುದನ್ನು ಕಿತ್ತೆಸೆದು, ಇಳಿಸುತ್ತದೆ ಎಂದು ಬ್ಯಾನರ್ ಬರೆಸಿದ.

ಕುರಿ ಸಾಕುವ ಮನೆಯ ಹಣಮವ್ವನಿಗೆ ಕೀಲುವಾತ. ಸೊಲ್ಲಾಪುರದ ಆಸ್ಪತ್ರೆಯ ಗುಳಿಗೆಯಿಂದ ಆಕೆ ಮತ್ತೆ ಉಣ್ಣೆ ನೂಲುವಷ್ಟು ಚೇತರಿಸಿಕೊಂಡಿದ್ದಳು. ಆದರೆ ಗುಳಿಗೆ ನುಂಗಿದ ದಿನ ಹೊಟ್ಟೆ ತೊಳಸುತ್ತಿತ್ತು. ಭಂಡಾರ ಕೊಳ್ಳಲು ಬಂದ ಆಕೆಯನ್ನು ಯೋಗಿರಾಜ ಕುರ್ಚಿಯಲ್ಲಿ ಕೂಡಿಸಿ, ಅವ್ವಾ ಎಂದು ಕರೆದು, ನಿಮ್ಮ ದೇವರೇ ಮದ್ದು ಕೊಟ್ಟಿರುವಾಗ ಆ ಇಂಗ್ಲಿಷ್ ವಿಷ ಯಾಕೆ ಎಂದ. ಭಂಡಾರ ಹಣೆಗೆ ಹಚ್ಚಿ, ಚಿಟಿಕೆ ನಾಲಿಗೆಗಿಡುವುದು ಹಣಮವ್ವನಿಗೆ ಹುಟ್ಟಿದಾಗಿನ ರೂಢಿ. ಈಗ ಚಮಚೆಯಲ್ಲಿ ಅಳೆದು ಹಾಲಿಗೆ ಕಲಸಿ ಕುಡಿಯತೊಡಗಿದಳು. ಗುಳಿಗೆ ಬಿಟ್ಟಳು.

ಮಳೆಗಾಲ ಮುಗಿಯುವ ಹೊತ್ತಿಗೆ ಮಣಿಕಟ್ಟು ಬಾತು, ನೂಲುವ ಕದಿರು ಕೈಯಿಂದ ಜಾರತೊಡಗಿತು. ಆಸ್ಪತ್ರೆಗೆ ಹೋಗೋಣವೆಂದ ಸೊಸೆ ನಂದಾ ಬೈಸಿಕೊಂಡಳು. ತನ್ನ ಭಕ್ತಿಯೇ ಸಾಲದೆಂದು ಹಣಮವ್ವ ಇನ್ನೊಂದು ಚಮಚೆ ಹೆಚ್ಚಿಸಿದಳು.

ಆಗ ಮಗಳು ಮನೀಷಾ ಕೂಸಿನೊಂದಿಗೆ ತವರಿಗೆ ಬಂದಳು. ಹೊಸ್ತಿಲಲ್ಲಿ ನಿಲ್ಲಿಸಿ, ಅರಿಶಿನದ ನೀರಿಗೆ ಸುಣ್ಣ ಕದಡಿ, ಅದು ಕೆಂಪಾದ ಮೇಲೆ ದೃಷ್ಟಿ ತೆಗೆಯಬೇಕು. ಮನೆಯಲ್ಲಿ ಅರಿಶಿನ ತೀರಿತ್ತು. ನನ್ನ ಭಂಡಾರ ತಗೋ, ಅದೂ ಅರಿಶಿನವೇ ಎಂದಳು ಹಣಮವ್ವ. ನಂದಾ ಸುಣ್ಣ ಹಾಕಿದಳು. ನೀರು ಹಳದಿಯಾಗಿಯೇ ಇತ್ತು. ಇನ್ನಷ್ಟು ಹಾಕಿದಳು. ಹಳದಿ. ಹೊಸ್ತಿಲಾಚೆ ಕೂಸು ಅಳುತ್ತಿತ್ತು. ಹಣಮವ್ವ ತಟ್ಟೆ ನೋಡಿದಳು, ತನ್ನ ಕೈ ನೋಡಿಕೊಂಡಳು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಅರಿಶಿನವನ್ನು ಜರೆಯಲಿಲ್ಲ. ಸತ್ವ ತೆಗೆದು, ಅಳತೆ ಕಟ್ಟಿ ಪರೀಕ್ಷಿಸುತ್ತಿದ್ದಾರೆ, ಮುಂದೆ ಉಪಯೋಗಕ್ಕೆ ಬಂದರೂ ಬಂದೀತು, ಆದರೆ ಅದನ್ನು ನಂಬಿ ಗುಳಿಗೆ ಬಿಡುವಂತಿಲ್ಲ ಎಂದರು. ಸುಣ್ಣಕ್ಕೆ ಕೆಂಪಾಗದ್ದನ್ನು ಕೇಳಿ, ನೀವು ಕುಡಿದದ್ದು ಅರಿಶಿನವೂ ಅಲ್ಲ, ಬಣ್ಣದ ಪುಡಿ ಎಂದರು. ಗುಳಿಗೆಯಿಂದ ಬಾವು ಇಳಿಯುತ್ತದೆ, ಆದರೆ ಬಲಗೈಯ ಸೊಟ್ಟಗಾದ ಎರಡು ಬೆರಳು ಇನ್ನು ನೆಟ್ಟಗಾಗುವುದಿಲ್ಲ ಎಂದೂ ಹೇಳಿದರು.

ಅಮಾವಾಸ್ಯೆಯಂದು ಅಕ್ಕಲಕೋಟದಲ್ಲಿ ಭಕ್ತರ ಗದ್ದಲ. ನಂದಾ ತಟ್ಟೆ, ನೀರು, ಸುಣ್ಣ ಹಿಡಿದು ಯೋಗಿರಾಜನ ಅಂಗಡಿಯ ಮೆಟ್ಟಿಲೇರಿದಳು. ಹಿಂದೆ ಹಣಮವ್ವ.

"ಬರ್ರಿ ಸಾವಕಾರ್ರ," ಎಂದಳು ನಂದಾ. "ನಿಮಗ ದೃಷ್ಟಿ ಆಗೇದ. ತೆಗಿತೀನಿ."

ಗಿರಾಕಿಗಳು ನಕ್ಕರು. ಯೋಗಿರಾಜನೂ ನಕ್ಕ, ಪುಕ್ಕಟೆ ಮರ್ಯಾದೆ ಯಾರಿಗೆ ಬೇಡ? ಅವನದೇ ಪೊಟ್ಟಣ ಒಡೆದು ನೀರಿಗೆ ಸುರಿದು ಅವಳು ಸುಣ್ಣ ಕದಡಿದಳು. ಹೆಂಗಸರು ತಟ್ಟೆಗೆ ಬಗ್ಗಿದರು. ನೀರು ಕೆಂಪಾಗಲಿಲ್ಲ. ಅವರಿಗೆ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಒಬ್ಬಳು ತನ್ನ ಚೀಲದ ಪೊಟ್ಟಣ ತೆಗೆದು ಮೂಸಿದಳು.

ಯೋಗಿರಾಜ ದನಿ ತಗ್ಗಿಸಿದ. "ಇದು ದೇವರಿಗಿ ಎರಚೂದು, ತಂಗಿ. ನುಂಗು ಅಂತ ಯಾರ ಹೇಳ್ಯಾರ?"

"ನೀವ ಹೇಳೀರಿ," ಎಂದಳು ಹಣಮವ್ವ. "ಅವ್ವಾ ಅಂದು, ಕುರ್ಚಿ ಮ್ಯಾಲ ಕುಂಡ್ರಿಸಿ ಹೇಳೀರಿ." ಸೊಸೆಯ ಕೈಯಿಂದ ತಟ್ಟೆ ತೆಗೆದುಕೊಂಡು ಅವನ ಬಾಯಿಯ ಮಟ್ಟಕ್ಕೆ ಎತ್ತಿದಳು. "ಒಂದ ಗುಟುಕ ಕುಡೀರಿ. ನಾ ಮಳಿಗಾಲೆಲ್ಲ ಕುಡದೀನಿ."

ಅವನು ಹಿಂದೆ ಸರಿದ. ತಡವರಿಸುತ್ತ, "ಅಸಲಿ ಒಳಗ ಅದ. ಮನಿಗಂತ ಇಟ್ಟೀನಿ. ಬೇಕಾದಷ್ಟು ಒಯ್ರಿ," ಎಂದ.

"ನಿಮ್ಮ ಮನಿಗಿ ಅಸಲಿ. ನಮ್ಮ ದೇವರಿಗಿ ಬಣ್ಣ," ಎಂದಳು ಹಣಮವ್ವ.

ತಟ್ಟೆ ವಾಲಿತು. ಆಕೆ ಬೇಕೆಂದು ಬೀಳಿಸಲಿಲ್ಲ. ಆ ಬೆರಳುಗಳಿಗೆ ಹಿಡಿತ ಉಳಿದಿರಲಿಲ್ಲ. ಅವನ ಬಿಳಿ ಅಂಗಿಯ ಮೇಲೆ ಹಳದಿ ಇಳಿಯಿತು. ಉಜ್ಜಿದಷ್ಟೂ ಹರಡಿತು.

ಪೊಟ್ಟಣ ಮೂಸಿದ್ದ ಹೆಂಗಸು ಅದನ್ನು ಹರಿದು ಅವನ ಮೆಟ್ಟಿಲ ಮೇಲೆ ಸುರಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಮೆಟ್ಟಿಲೆಲ್ಲ ಹಳದಿಯಾಯಿತು. ಸುಣ್ಣದ ನೀರು ಹರಿದಲ್ಲೂ ಹಳದಿಯೇ.