ಕೊನೆಯ ದೊರೆಯ ಹಿಡಿಮಣ್ಣು

ಸ್ವಾಮಿ ಪೇಟವನ್ನು ತಲೆಗಿಟ್ಟುಕೊಳ್ಳುವಷ್ಟರಲ್ಲಿ ವೆಂಕಟಯ್ಯ ಅದರ ತುದಿ ಹಿಡಿದು ಜಗ್ಗಿದ. ಪೇಟ ಬಿಚ್ಚಿಕೊಂಡು, ಅಂಗಳದಲ್ಲಿ ಮಲಗಿಸಿದ್ದ ಸಿದ್ದಯ್ಯನ ಹೆಣದ ಕಾಲಿನ ಮೇಲೆ ಬಿತ್ತು.

"ಮುಟ್ಬೇಡ ಕಣ್ಲಾ! ನಮ್ದು ಮುತ್ತಾತನ ಹಿರೀ ಹೆಂಡ್ತಿ ವಂಶ," ಎಂದ ತಿಪ್ಪಸಂದ್ರದಿಂದ ಬಂದಿದ್ದ ದಾಯಾದಿ ವೆಂಕಟಯ್ಯ.

"ನಿಮ್ ತಾತ ಊರು ಬುಟ್ಟೋದಾಗ್ಲೇ ಅದೆಲ್ಲ ಮುಗೀತು. ನಾನು ದೊಡ್ಡಪ್ಪನ ಸ್ವಂತ ತಮ್ಮನ ಮಗ," ಎಂದ ಸ್ವಾಮಿ.

ಉಯ್ಯಂಬಳ್ಳಿ ಪಕ್ಕದ ಈ ಊರಿನಲ್ಲಿ ಸಿದ್ದಯ್ಯನ ಮನೆತನದವರು ಒಂದು ಕಾಲಕ್ಕೆ ಪಾಳೇಗಾರರು. ಕೋಟೆ ಎಂದೋ ಕುಸಿಯಿತು. ಸಿಂಹಾಸನವೆಂದು ಪೂಜಿಸುತ್ತಿದ್ದ ಬೆಟ್ಟದ ಬಂಡೆಯನ್ನು ಕ್ವಾರಿಯವರು ಸೀಳಿ ಒಯ್ದರು. ಅದೀಗ ಯಾರ ಅಡುಗೆಮನೆಯ ಕಟ್ಟೆಯಾಗಿದೆಯೋ ದೇವರೇ ಬಲ್ಲ. ಉಳಿದದ್ದು ಒಂದೇ ಪದ್ಧತಿ: ಊರಲ್ಲಿ ಯಾರೇ ಸತ್ತರೂ ಮೊದಲ ಹಿಡಿ ಮಣ್ಣು ದೊರೆಯದು. ದೊರೆಯೇ ಸತ್ತರೆ, ಮುಂದಿನ ದೊರೆ ಕೂರುವವರೆಗೆ ಹೆಣ ಎತ್ತುವಂತಿಲ್ಲ. ಅದಕ್ಕೆಂದು ಶಾಮಿಯಾನದವನ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹೆಣದ ತಲೆಯ ಹತ್ತಿರ ಹಾಕಿದ್ದರು. ಮುಂದಿನ ತಿಂಗಳು ಕೋಟೆ ಉತ್ಸವ ಬೇರೆ, ದೊರೆಗೆ ವೇದಿಕೆಯ ಮೇಲೆ ಸನ್ಮಾನವಂತೆ. ಇಲ್ಲದಿದ್ದರೆ ಪಂಕ್ಚರ್ ಅಂಗಡಿ ಸಿದ್ದಯ್ಯನ ಪೇಟ ಯಾರಿಗೆ ಬೇಕಿತ್ತು?

ಬಿಸಿಲೇರಿತು. ಮಕ್ಕಳಿಲ್ಲದ ಮಾಯಮ್ಮ ಗಂಡನ ಮುಖದ ಮೇಲಿನ ನೊಣ ಓಡಿಸುತ್ತ ಕೂತಿದ್ದಳು. ಆಗ ಕಾಲೋನಿಯ ಪ್ರಕಾಶ್ ಬಂದು ಶಾಮಿಯಾನದ ಆಚೆಯೇ ನಿಂತ.

"ಮಾಯಮ್ನೋರೆ, ನಮ್ಮವ್ವ ಗಂಗಲಕ್ಷ್ಮಮ್ಮ ಬೆಳಿಗ್ಗೆ ಹೋಗ್ಬುಟ್ಳು. ಗುಂಡಿ ತೋಡಿ ಮಡಗಿದ್ದೀವಿ. ಹೊಸ ದೊರೆ ಬಂದು ಒಂದು ಹಿಡಿ ಮಣ್ಣು ಹಾಕ್ಬುಟ್ರೆ..."

*

ಟ್ಯೂಬಿಗೆ ತೇಪೆ ಹಚ್ಚುತ್ತಿದ್ದರೂ ಸಾವಿನ ಸುದ್ದಿ ಬಂದರೆ ಸಿದ್ದಯ್ಯ ಹಾಗೇ ಎದ್ದು ಹೊರಡುತ್ತಿದ್ದ. ಗೌಡರ ಮನೆಯೋ, ಕಾಲೋನಿಯೋ, ನೋಡುತ್ತಿರಲಿಲ್ಲ. ಹೆತ್ತ ತಾಯಿ ಸತ್ತ ದಿನವೂ, ಹೆಣ ಅಂಗಳದಲ್ಲಿರುವಾಗಲೇ, ಕಾಲೋನಿಯ ಕೂಸೊಂದಕ್ಕೆ ಮಣ್ಣು ಹಾಕಿ ಬಂದಿದ್ದ.

"ಅರಮನೆ ಇಲ್ಲ, ಆಳಿಲ್ಲ, ಇದ್ಯಾವ ಸೀಮೆ ದೊರೆತನ?" ಎಂದು ಮಾಯಮ್ಮ ಅವತ್ತು ಬೈದಿದ್ದಳು.

"ಈಸ್ಕೊಳ್ಳೋದೆಲ್ಲ ಹೋಯ್ತು ಕಣಮ್ಮಿ. ಕೊಡೋದು ಇದೊಂದು ಉಳ್ಕೊಂಡೈತೆ," ಎಂದು ಸಿದ್ದಯ್ಯ ಕೈ ತೊಳೆಯಲು ಹೋಗಿದ್ದ.

*

"ಹೋಗಪ್ಪ ಸ್ವಾಮಿ. ಆ ಮುದುಕಿಗೆ ಮಣ್ಣಾಕಿ ಬಾ. ಬಂದ್ಮೇಲೆ ಪೇಟ ನಿಂದೇಯ," ಎಂದಳು ಮಾಯಮ್ಮ.

ಸ್ವಾಮಿ ತಲೆ ಕೆರೆದುಕೊಂಡ. "ಸೂತಕದ ಮನೆಯೋರು ಇನ್ನೊಂದು ಸಾವಿಗೆ ಹೋಗೋದಾ ದೊಡ್ಡವ್ವ? ಶಾಸ್ತ್ರ ಅಂತ ಒಂದೈತಲ್ಲ."

"ನೀವಾದ್ರೂ ಹೋಗಿ ವೆಂಕಟಯ್ಯ. ಹಿರೀ ವಂಶ ಅಲ್ವಾ?"

"ನಂಗೆ ಮಂಡಿನೋವು ಅತ್ಗೆ. ಅವ್ರಲ್ಲೇ ಯಾರಾದ್ರೂ ಹಾಕ್ಕೊಳ್ಲಿ ಬುಡಿ."

ಮಂಡಿನೋವಂತೆ! ಪೇಟ ಜಗ್ಗುವಾಗ ಆ ಮಂಡಿ ಗಟ್ಟಿಯಾಗಿಯೇ ಇತ್ತು.

ಮಾಯಮ್ಮ ಪೇಟವನ್ನು ಮಡಚಿ ಗಂಡನ ಪಕ್ಕದಲ್ಲಿಟ್ಟು ಎದ್ದಳು. "ಒಸಿ ತಡೀರಿ, ಬತ್ತೀನಿ." ಅದನ್ನು ನೆಂಟರಿಗೆ ಹೇಳಿದಳೋ ಗಂಡನಿಗೋ ತಿಳಿಯಲಿಲ್ಲ. "ಹೆಂಗಸು ಗುಂಡಿ ತಾವ ಹೋಗೋದುಂಟಾ!" ಎಂದು ಯಾರೋ ಕೂಗಿದರು. ಅವಳು ತಿರುಗಿ ನೋಡದೆ ಬರಿಗಾಲಲ್ಲಿ ಪ್ರಕಾಶನ ಹಿಂದೆ ನಡೆದಳು. ಪಾಪದ ಜೀವ, ಹಿಂದಿನ ರಾತ್ರಿಯಿಂದ ಒಂದು ತೊಟ್ಟು ನೀರೂ ಕುಡಿದಿರಲಿಲ್ಲ.

ಮಣ್ಣು ಹಾಕಿ ವಾಪಸು ಬರುವಾಗ ಪ್ರಕಾಶ್ ಮತ್ತು ಕಾಲೋನಿಯವರು ಜೊತೆಗಿದ್ದರು. ಮಾಯಮ್ಮನಿಗೆ ಬಿಸಿಲಿಗೆ ಕಣ್ಣು ಕತ್ತಲೆಯಿಟ್ಟಿತ್ತು. ಕೈಗೆ ಸಿಕ್ಕ ಕುರ್ಚಿಯಲ್ಲಿ ಕುಸಿದು ಕೂತಳು; ಯಾವ ಕುರ್ಚಿಯೆಂದು ನೋಡಲೂ ಇಲ್ಲ. ಅದು ಹೆಣದ ತಲೆಯ ಹತ್ತಿರ ಹಾಕಿದ್ದ ಕುರ್ಚಿ.

ಸ್ವಾಮಿ ಚೊಂಬಿನಲ್ಲಿ ನೀರು ತಂದ. "ಕೈ ತೊಳ್ಕೊ ದೊಡ್ಡವ್ವ."

"ಬ್ಯಾಡ ಕಣ್ಲಾ. ಇನ್ನೊಂದು ಹಿಡಿ ಐತೆ. ಎತ್ರಿ."

ಹೆಣ ಎತ್ತಿದರು. ಕೆರೆ ಪಕ್ಕದ ಹೊಲದಲ್ಲಿ ಗುಂಡಿಯ ಅಂಚಿಗೆ ಮಾಯಮ್ಮ ಬಗ್ಗಿದಳು. ಗಂಗಲಕ್ಷ್ಮಮ್ಮನ ಗುಂಡಿಯ ಕೆಮ್ಮಣ್ಣು ಅಂಟಿದ್ದ ಅದೇ ಕೈಯಲ್ಲಿ ಹೊಲದ ಕಪ್ಪು ಮಣ್ಣನ್ನು ಹಿಡಿದೆತ್ತಿದಳು. ಬೆರಳುಗಳ ಸಂದಿಯಿಂದ ಎರಡೂ ಮಣ್ಣು ಬೆರೆತು ಸಿದ್ದಯ್ಯನ ಎದೆಯ ಮೇಲೆ ಬಿತ್ತು.