ಎದುರು ಬಂದ ಹೆಂಗಸು

ಚಟ್ಟದ ಹಿಡಿಗೆ ಕೈ ಹಾಕಿದ್ದ ಮುರ್ಡೀನಾಳ ಬೆರಳುಗಳನ್ನು ಟಾರ್ಕಿಲ್ ಒಂದೊಂದಾಗಿ ಬಿಡಿಸಿದ. ಚರ್ಚಿನ ಹಿರಿಯ, ಎಪ್ಪತ್ತು ದಾಟಿದ ಬೆಸ್ತ. ದನಿ ಮಾತ್ರ ಬೆಣ್ಣೆ.

"ಒಳಗೆ ಹೋಗಮ್ಮ. ಹೊರೋದು ಗಂಡಸರ ಕೆಲಸ. ನೀವು ಹೆಂಗಸರು ಚಹಾ ನೋಡ್ಕೊಳ್ಳಿ."

ಲೂಯಿಸ್ ದ್ವೀಪದಲ್ಲಿ ಹಿಂದಿನಿಂದ ನಡೆದುಬಂದದ್ದೇ ಹಾಗೆ. ಗಂಡಸರು ಎರಡು ಸಾಲಾಗಿ ಹೊತ್ತೊಯ್ದು ಮಣ್ಣು ಮಾಡಿ ಬರುತ್ತಾರೆ. ಹೆಂಗಸರು ಮನೆಯ ಗೇಟಿನ ಹತ್ತಿರ ನಿಂತುಬಿಡಬೇಕು. ಚಟ್ಟದ ಮೇಲಿನ ಶವಪೆಟ್ಟಿಗೆಯಲ್ಲಿದ್ದವಳು ಡೊಲೀನಾ, ಆ ಊರಿನಿಂದ ಕಡಲಿಗೆ ದೋಣಿ ಇಳಿಸಿದ ಮೊದಲ ಹೆಂಗಸು. ಇಪ್ಪತ್ತೆರಡು ವರ್ಷ ಅವಳ ಜೊತೆ ದೋಣಿಯಲ್ಲಿ ದುಡಿದವಳು ಮುರ್ಡೀನಾ ಒಬ್ಬಳೇ. ಈಗಷ್ಟೇ ಟಾರ್ಕಿಲ್ ಪಾದ್ರಿಯ ಮುಂದೆ, ಡೊಲೀನಾ ನಮ್ಮೂರಿನ ಹೆಮ್ಮೆ ಎಂದಿದ್ದ. ಹೆಮ್ಮೆಯಂತೆ ಹೆಮ್ಮೆ! ಬದುಕಿದ್ದಾಗ ಕಣ್ಣೆತ್ತಿ ನೋಡದವರು ಈಗ ಹೆಗಲು ಕೊಡಲು ನಾ ಮುಂದು, ತಾ ಮುಂದು.

*

ಕಡಲಿಗೆ ಹೊರಟಾಗ ಹೆಂಗಸು ಎದುರು ಬಂದರೆ ಅಪಶಕುನ, ಮನೆಗೆ ತಿರುಗಬೇಕು ಎನ್ನುವುದು ಅಲ್ಲಿನ ಬೆಸ್ತರ ನಂಬಿಕೆ. ಅಪ್ಪ ಸತ್ತು ದೋಣಿ ಡೊಲೀನಾಳ ಪಾಲಿಗೆ ಬಂದ ವರ್ಷ, ದಾರಿಯಲ್ಲಿ ಅವಳನ್ನು ಕಂಡ ಟಾರ್ಕಿಲ್ ಥೂ ಎಂದು ಉಗಿದು ಮನೆಗೆ ತಿರುಗಿದ. ಅವನ ಹಿಂದೆ ಉಳಿದವರೂ. ಆಮೇಲೆ ಯಾರ ಬಲೆ ಹರಿದರೂ ಅದಕ್ಕೆ ಅವಳೇ ಕಾರಣ. ಒಂದು ದಿನ ಅವಳ ಹಗ್ಗಗಳನ್ನೆಲ್ಲ ಯಾರೋ ಕೊಯ್ದುಹಾಕಿದ್ದರು. ಡೊಲೀನಾ ಕೂತು ಒಂದೊಂದನ್ನೇ ಗಂಟು ಹಾಕಿದಳು.

"ಅವರು ಮನೇಲಿ ಕೂತ್ರೆ ಒಳ್ಳೇದೇ ಆಯ್ತಲ್ಲೇ, ಕಡಲೆಲ್ಲ ನಮ್ದೇ" ಎಂದು ನಕ್ಕಳು.

ಅವಳು ಗದರಿದ್ದು, ಮುರ್ಡೀನಾ ಮೊದಲ ಸಲ ಏಡಿ ಹಿಡಿಯುವ ಬುಟ್ಟಿಯನ್ನು ನೀರಿಗೆ ಎಸೆದಾಗ.

"ಎಸೀಬೇಡ ಕಣೇ, ಇಳಿಸು. ತಳ ಮುಟ್ಟಿದ್ದು ಕೈಗೆ ಗೊತ್ತಾಗ್ಬೇಕು."

ಆ ಬೇಸಗೆಯಲ್ಲಿ ಊರಿನ ಯಾವ ದೋಣಿಯೂ ತಾರದಷ್ಟು ಏಡಿಯನ್ನು ಅವರಿಬ್ಬರೇ ತಂದರು.

*

ಚಟ್ಟ ಗೇಟು ದಾಟಿತು. ಮುರ್ಡೀನಾ ಚಹಾ ನೋಡಿಕೊಳ್ಳಲು ಹೋಗಲಿಲ್ಲ. ಹಿತ್ತಲ ಬೇಲಿ ದಾಟಿ ಅಡ್ಡದಾರಿ ಹಿಡಿದು, ತಿರುವಿನಲ್ಲಿ ದಾರಿಯ ನಡುವೆ ನಿಂತಳು. ಮುಂದಿನ ಹಿಡಿ ಹಿಡಿದಿದ್ದ ಟಾರ್ಕಿಲ್ ನಿಂತ, ಸಾಲೂ ನಿಂತಿತು.

"ಹೆಂಗಸು ಎದುರು ಬಂದಿದ್ದೀನಿ, ಟಾರ್ಕಿಲ್. ಮನೆಗೆ ವಾಪಸ್ ಹೋಗ್ತೀರೋ, ಹಿಡಿ ಬಿಡ್ತೀರೋ?"

ಹಿಂದೆ ಯಾರೋ ಕೆಮ್ಮಿದರು. ಟಾರ್ಕಿಲ್ ಪಾದ್ರಿಯ ಮುಖ ನೋಡಿದ. ಪಾದ್ರಿ ಕಡಲು ನೋಡಿದ. ಹೆಣ ಹೊತ್ತವರು ಹಿಂದಕ್ಕೆ ತಿರುಗುವಂತಿಲ್ಲ, ಅದೂ ಅವರದೇ ನಿಯಮ. ಕೊನೆಗೆ ಟಾರ್ಕಿಲ್ ಹಿಡಿ ಬಿಟ್ಟು ಪಕ್ಕಕ್ಕೆ ಸರಿದ. ಆ ಹಿಡಿಗೆ ಮುರ್ಡೀನಾ ಕೈ ಹಾಕಿದಳು.

ಗುಂಡಿಯ ಬಳಿ, ಪೆಟ್ಟಿಗೆ ಇಳಿಸುವ ಹಗ್ಗಗಳಲ್ಲಿ ತಲೆಯ ಕಡೆಯದು ತೀರಾ ಹತ್ತಿರದವರಿಗೆ. ಯಾರೂ ಕೊಡುವ ಮೊದಲೇ ಮುರ್ಡೀನಾ ಅದನ್ನು ಅಂಗೈಗೆ ಸುತ್ತಿಕೊಂಡಿದ್ದಳು. ಗಂಡಸರು ಬೇಗ ಮುಗಿಸುವ ಆತುರದಲ್ಲಿ ಹಗ್ಗ ಸಡಿಲಬಿಟ್ಟರು.

"ಎಸೀಬೇಡಿ" ಎಂದಳು. "ಇಳಿಸಿ."

ಇಳಿಸಿದರು, ಮೆಲ್ಲಗೆ. ತಳ ಮುಟ್ಟಿದ್ದು ಅವಳ ಕೈಗೆ ಗೊತ್ತಾಯಿತು. ಉಳಿದವರು ವಾಡಿಕೆಯಂತೆ ತಮ್ಮ ತಮ್ಮ ಹಗ್ಗ ಗುಂಡಿಗೆ ಬಿಟ್ಟರು. ಮುರ್ಡೀನಾ ಹಿಡಿದೇ ನಿಂತಳು. ಸನಿಕೆ ಹಿಡಿದ ಗಂಡಸರು ಮಣ್ಣಿನ ರಾಶಿಯ ಪಕ್ಕ ಕಾದು ನಿಂತಿದ್ದರು.